ನನ್ನ ಪಾಲಿನ ಗಿಣ್ಣ

ಗಿಣ್ಣ ಯಾಕೆ ಗಟ್ಟಿಯಾಗುತ್ತದೆ ಎಂದು ನನಗೆ ಗೊತ್ತು. ಗೊತ್ತಾದಾಗಿನಿಂದ ಅದು ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಈದ ಎಮ್ಮೆಯ ಮೊದಲ ಹಾಲು ದಿನದ ಹಾಲಿನಂತಿರುವುದಿಲ್ಲ. ಮಂದ, ಜಿಗುಟು, ನಸು ಹಳದಿ. ಅದಕ್ಕೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಇಟ್ಟರೆ ಹೆಪ್ಪಿನ ಹಂಗಿಲ್ಲದೆ ತಾನೇ ಗಟ್ಟಿಯಾಗುತ್ತದೆ, ಚಾಕುವಿನಿಂದ ಕೊಯ್ಯಬಹುದು. ನಮ್ಮ ಶಿರಗುಪ್ಪಿ ಕಡೆ ಯಾರ ಮನೆಯಲ್ಲಿ ಎಮ್ಮೆ ಈದರೂ ಓಣಿಯ ಮನೆಮನೆಗೆ ಗಿಣ್ಣದ ವಾಟಿ, ಅಂದರೆ ಬಟ್ಟಲು, ಹೋಗಬೇಕು. ಗಿಣ್ಣ ಕೇಳಿದವರಿಗೆ ಇಲ್ಲ ಅನ್ನಬಾರದು, ಅಂದರೆ ಎಮ್ಮೆ ಬತ್ತುತ್ತದೆ ಎನ್ನುತ್ತಾರೆ. ಇಸಿದುಕೊಂಡವರೂ ವಾಟಿಯನ್ನು ಬರಿದಾಗಿ ಹೊಳ್ಳಿ ಕೊಡಬಾರದು, ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕಳಿಸಬೇಕು. ಇದಕ್ಕೆಲ್ಲ ಪುರಾವೆ ಏನು ಎಂದು ಕೇಳುವವಳು ನಮ್ಮ ಮನೆಯಲ್ಲಿ ನಾನೊಬ್ಬಳೇ.

ಕೇಳುವುದು ಅಥಣಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತು ನಿಂತು ಹತ್ತಿದ ಚಟ. ಎದುರಾಳಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಖಂಡನೆ ಮುಗಿದಿರಬೇಕು. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತೇವೆ. ಆಯಿ ನನ್ನನ್ನು ವಕೀಲ ಎನ್ನುತ್ತಾಳೆ, ಹೊಗಳಿ ಅಲ್ಲ.

"ಈ ವಕೀಲನ್ನ ಯಾರ ಮನಿಗೆ ಕೊಡೂದವಾ? ಅತ್ತಿ ಚಾ ಕುಡಿ ಅಂದ್ರ, ಯಾಕ ಕುಡೀಬೇಕ್ರಿ, ಎರಡ ಕಾರಣ ಹೇಳ್ರಿ ಅಂತಾಳ ಇಕಿ."

ಆಯಿಯ ಎಮ್ಮೆ ಪಂಢರಪುರಿ ತಳಿಯದು. ಕತ್ತಿಯ ಹಾಗೆ ಬೆನ್ನಿನುದ್ದಕ್ಕೂ ಚಾಚಿದ ಕೋಡು. ಆಯಿ ಮದುವೆಯಾಗಿ ಬರುವಾಗ ತವರಿನವರು ಹೊಡೆದುಕೊಟ್ಟ ಎಮ್ಮೆಯ ಮೊಮ್ಮಗಳೋ ಮರಿಮಗಳೋ ಅದು. ಆದರೆ ಇಷ್ಟು ವರ್ಷ ಹಾಕಿದ್ದೆಲ್ಲ ಗಂಡುಗರು. ಈಗ ಅದಕ್ಕೂ ವಯಸ್ಸಾಗಿತ್ತು, ಇದೇ ಕಡೆಯ ಗಬ್ಬ ಎಂದು ದನದ ಡಾಕ್ಟರು ಹೇಳಿದ್ದರು. ಹೆಣ್ಣುಗರು ಹುಟ್ಟಿದರೆ ಆ ಬಳ್ಳಿ ಹಬ್ಬುತ್ತದೆ. ಇಲ್ಲದಿದ್ದರೆ ಆಯಿಯ ತವರಿನ ಎಮ್ಮೆ ಇಲ್ಲಿಗೆ ಮುಗಿಯಿತು. ಎಮ್ಮೆ ತುಂಬಿದಾಗಿನಿಂದ ಆಯಿ ಅದರ ಹೊಟ್ಟೆ ಸವರುತ್ತ ಇದೊಂದನ್ನೇ ಬೇಡಿಕೊಳ್ಳುತ್ತಿದ್ದಳು.

ಹೆಣ್ಣುಗರುವೇ ಹುಟ್ಟಿತು. ಭಾನುವಾರದ ರಜೆಗೆ ನಾನು ಊರಿಗೆ ಬಂದಿದ್ದೆ. ಬೆಳಗಿನ ಚಹಾದ ಹೊತ್ತಿಗೆ ಎಮ್ಮೆ ಈದಿತ್ತು. ಆಯಿ ಕರುವಿನ ಮೂಗು ಒರೆಸಿದಳು, ಕಬ್ಬಿನ ಒಣ ಸೋಗೆಯಿಂದ ಮೈ ತಿಕ್ಕಿದಳು, ಹಿಂದಿನ ಕಾಲೆತ್ತಿ ನೋಡಿ ಇನ್ನೊಮ್ಮೆ ನೋಡಿದಳು. ಆಮೇಲೆ ಅದನ್ನು ಎತ್ತಿಕೊಂಡು ಹೋಗಿ, ಎಮ್ಮೆಗೆ ಎಟುಕದ ಕಂಬಕ್ಕೆ ಕಟ್ಟಿದಳು.

"ಅಲ್ಲ್ಯಾಕ ಕಟ್ಟಿದಿ ಆಯಿ? ಕುಡೀಲಿ ಬಿಡು."

"ಮಾಸ ಬೀಳಲಿ."

ಮಾಸು ಎಂದರೆ ಗರ್ಭದಲ್ಲಿ ಕರುವನ್ನು ಸುತ್ತಿಕೊಂಡು ಸಾಕಿದ ಚೀಲ. ಈದ ಮೇಲೆ ಅದು ತಾನಾಗಿ ಕಳಚಿ ಬೀಳಬೇಕು. ಬೀಳುವ ಮೊದಲೇ ಕರು ಮೊಲೆ ಜಗ್ಗಿದರೆ ಮಾಸು ಒಳಕ್ಕೆ ಸೆಳೆದುಕೊಂಡು ಅಲ್ಲೇ ಕೊಳೆತು ಎಮ್ಮೆ ಸಾಯುತ್ತದೆ ಎಂಬುದು ನಂಬಿಕೆ. ಆಯಿ ಇದನ್ನು ತನ್ನ ಅತ್ತೆಯಿಂದ ಕಲಿತಿದ್ದಳು. ಓಣಿಯವರೆಲ್ಲ ಆಯಿಯಿಂದ ಕಲಿತಿದ್ದರು.

ಆ ವಾರವಷ್ಟೇ ನಮಗೆ ಪ್ರತಿಕಾಯಗಳ ಪಾಠ ಆಗಿತ್ತು. ನಾನು ಸುಣ್ಣದ ಚೂರೊಂದನ್ನು ಹುಡುಕಿ ಕೊಟ್ಟಿಗೆಯ ನೆಲದ ಮೇಲೆ ಚಿತ್ರ ಬರೆದೆ. ನಾಲ್ಕು ಸರಪಳಿ, ಎರಡು ಉದ್ದ, ಎರಡು ಗಿಡ್ಡ, ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕವಲೊಡೆದ ಟೊಂಗೆಯ ಆಕಾರ. ಎರಡು ಕವಲಿನ ತುದಿಯಲ್ಲಿ ಎರಡು ಹಿಡಿಕೆ. ರೋಗದ ಕ್ರಿಮಿಯ ಮೈಗೆ ಸರಿಯಾಗಿ ಕೂತು ಹಿಡಿಯುವುದು ಆ ತುದಿ. ತಾಯಿ ಎದುರಿಸಿದ ಒಂದೊಂದು ರೋಗಕ್ಕೂ ಬೇರೆ ಬೇರೆ ತುದಿ. ಎಲ್ಲವೂ ಈ ಮೊದಲ ಹಾಲಿನಲ್ಲಿವೆ ಎಂದೆ.

ಆಯಿ ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ನೋಡಿದಳು.

"ಇದು ಬೇಲಿಗೆ ಹುಗಿಯೂ ಕವಲಗೂಟ ಇದ್ದಂಗ ಐತಿ. ಎಮ್ಮಿ ಹಾಲಾಗ ಗೂಟ ಈಜಾಡತಾವೇನ ಬೇ?"

"ಹೂಂ, ಈಜಾಡತಾವ. ಅವು ಇಲ್ಲಂದ್ರ ಕರಕ್ಕ ರೋಗ ತಡಿಯೂ ತಾಕತ್ತ ಇಲ್ಲ. ಈಗ ಹುಟ್ಟಿದ ಕರದ ಕರುಳಾಗ ಅವಕ್ಕ ಬಾಗಲಾ ತೆರದಿರತೈತಿ. ಹೊತ್ತ ಹೋದಂಗ ಮುಚ್ಚತೈತಿ. ಆಮ್ಯಾಲ ಎಷ್ಟ ಕುಡದ್ರೂ ಹೊಟ್ಟಿ ತುಂಬತೈತಿ ಅಷ್ಟ."

ಆಯಿ ಕಂಬದ ಕರುವಿನ ಕಡೆ ನೋಡಿದಳು. ಗೆದ್ದೆ ಅಂದುಕೊಂಡೆ.

"ನೀ ಹುಟ್ಟಿದಾಗ," ಎಂದಳು, "ನಿಮ್ಮವ್ವನ ಮೊದಲ ಹಾಲ ನಾನ ಹಿಂಡಿ ಚೆಲ್ಲಸೀನಿ. ಬರೇ ಬೆಲ್ಲದ ನೀರ ಕುಡದ ಬಿದ್ದಿದ್ದಿ ತೊಟ್ಟಲದಾಗ. ನಿನ್ನ ಗೂಟ ಎಲ್ಲಿ ಹೋಗಿದ್ವು ಆವಾಗ? ಸತ್ತೇನು? ಸತ್ತಿದ್ರ ಇಷ್ಟ ಮಾತಾಡ್ತಿದ್ದೇನು?"

ಒಳಗಿನಿಂದ ಅವ್ವ ನಕ್ಕದ್ದು ಕೇಳಿಸಿತು. ಎದುರಾಳಿಯ ಪುರಾವೆಯನ್ನು ಒಡೆಯುವುದು ನನಗೆ ಬರುತ್ತಿತ್ತು, ಆದರೆ ಆಯಿಯ ಪುರಾವೆ ನಾನೇ ಆಗಿದ್ದೆ, ಗುಂಡುಕಲ್ಲಿನ ಹಾಗೆ ಎದುರಿಗೆ ನಿಂತಿದ್ದೆ. ಒಂದು ಉದಾಹರಣೆಯಿಂದ ನಿಯಮ ಆಗುವುದಿಲ್ಲ ಎಂದೆ. "ಒಂದ ಅಲ್ಲ, ಓಣಿ ತುಂಬ ಅದಾವ, ಎಣಿಸಿಕೊಂಡ ಬಾ" ಎಂದಳು. ಹಳೆಯದೆಲ್ಲ ಸರಿಯಲ್ಲ ಎಂದೆ. "ಹೊಸಾದೆಲ್ಲ ಸರಿ ಐತೇನು?" ಎಂದಳು. ಬಿಸಿಲು ಅಂಗಳದಿಂದ ಕೊಟ್ಟಿಗೆಗೆ ಬಂತು. ಕರು ಕಂಬದ ಸುತ್ತ ಎದ್ದು ಬಿದ್ದು ಒದರುತ್ತಿತ್ತು, ಎಮ್ಮೆ ಹಗ್ಗ ಜಗ್ಗುತ್ತಿತ್ತು. ಕಡೆಗೆ ಅವ್ವನೇ ಹೊರಗೆ ಬಂದು ರೇಗಿದಳು.

"ಇಬ್ಬರೂ ಬಾಯಿ ಮುಚ್ಚರಿ. ನಿಮ್ಮ ಗದ್ದಲದಾಗ ಕರ ಒದರೂದ ಸೈತ ಕೇಳವಲ್ದು."

ಮಾಸು ಬಿದ್ದದ್ದು ದೀಪ ಹಚ್ಚುವ ಹೊತ್ತಿಗೆ. ಆಯಿ ಅದನ್ನು ಹುಗಿದು, ಕೈಕಾಲು ತೊಳೆದು, ಕರುವನ್ನು ಬಿಟ್ಟಳು. ಅದು ಮೊಲೆ ಹುಡುಕಿ, ಬಾಲ ಅಲ್ಲಾಡಿಸುತ್ತ ಕುಡಿಯಿತು. ಆಯಿಯ ಮುಖ ನೋಡಬೇಕಿತ್ತು.

"ಎಷ್ಟ ಚಂದ ಕುಡಿಯಾಕತ್ತೈತಿ ನೋಡು. ಎಲ್ಲಿ ಮುಚ್ಚೇತಿ ನಿನ್ನ ಬಾಗಲಾ?"

ಯಾವ ತೀರ್ಪುಗಾರರನ್ನು ಕೂರಿಸಿದರೂ ಅಂದು ಆಯಿಯೇ ಗೆದ್ದಿದ್ದಳು. ಮರುದಿನ ಬೆಳಿಗ್ಗೆ ಗಿಣ್ಣ ಆಯಿತು. ಓಣಿಗೆಲ್ಲ ವಾಟಿಗಳು ಹೋದವು. ಅಥಣಿಯ ಬಸ್ಸು ಹಿಡಿಯುವ ಮೊದಲು ನಾನೂ ನನ್ನ ಪಾಲಿನ ತುಂಡನ್ನು ತಿಂದು, ಬೆರಳು ನೆಕ್ಕಿ ಹೊರಟೆ. ಸಿಟ್ಟು ಆಯಿಯ ಮೇಲಿತ್ತು, ಗಿಣ್ಣದ ಮೇಲಲ್ಲ.

ವಾರದ ನಡುವೆ ಅವ್ವ ಫೋನಿನಲ್ಲಿ ಕರುವಿಗೆ ಭೇದಿ ಹತ್ತಿದೆ ಎಂದಳು. ಮುಂದಿನ ಭಾನುವಾರ ನಾನು ಬಂದಾಗ ಅದು ಗೋಣಿಚೀಲದ ಮೇಲೆ ಮಲಗಿತ್ತು, ಕಣ್ಣು ಒಳಗೆ ಹೋಗಿತ್ತು, ಬಾಯೊಳಗೆ ಬೆರಳಿಟ್ಟರೆ ತಣ್ಣಗಿತ್ತು. ದನದ ಡಾಕ್ಟರು ಸಲೈನ್ ಬಾಟಲಿಯನ್ನು ತೊಲೆಗೆ ನೇತು ಹಾಕಿ ಕೇಳಿದರು.

"ಗಿಣ್ಣದ ಹಾಲ ಯಾವಾಗ ಕುಡಿಸಿದ್ರಿ ಅಜ್ಜಿ?"

"ಸಂಜಿಕ. ಮಾಸ ಬಿದ್ದಮ್ಯಾಲರಿ."

"ಈದಿದ್ದು?"

"ಮುಂಜಾನೆ."

ಡಾಕ್ಟರು ಬಯ್ಯಲಿಲ್ಲ. ಬೈದಿದ್ದರೆ ಆಯಿ ಎದುರು ಮಾತಾಡುತ್ತಿದ್ದಳು, ಅದು ಚೆನ್ನಾಗಿರುತ್ತಿತ್ತು. ಅವರು ಹೂಂ ಎಂದು ನಳಿಕೆಯ ತಿರುಪು ಸರಿ ಮಾಡಿದರು, ಅಷ್ಟೇ. ಆಯಿ ನನ್ನ ಕಡೆ ನೋಡಿದಳು. ನಾನು ಬಾಟಲಿಯ ಕಡೆ ನೋಡಿದೆ. ಮಧ್ಯಾಹ್ನ ಕರು ಸತ್ತಿತು.

ಗಿಣ್ಣ ತಿಂದ ಮನೆಗಳ ವಾಟಿಗಳು ಆಮೇಲೂ ಒಂದೊಂದಾಗಿ ಬರುತ್ತಲೇ ಇದ್ದವು, ಪ್ರತಿಯೊಂದರಲ್ಲೂ ಸಕ್ಕರೆ. ಸುದ್ದಿ ಗೊತ್ತಿದ್ದವರೂ ಬರಿ ವಾಟಿ ಕೊಡುವುದು ಹೇಗೆಂದು ಹಾಕಿಯೇ ಕೊಟ್ಟರು. ಆಯಿ ಅದನ್ನೆಲ್ಲ ಡಬ್ಬಿಗೆ ಸುರಿದಳು. ನಾವು ಅದನ್ನೇ ಚಹಾಕ್ಕೆ ಹಾಕಿಕೊಂಡು ಕುಡಿದೆವು.

ಆಯಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆಮೇಲೆ, ಕಾಲೇಜಿನ ಗ್ರಂಥಾಲಯದಲ್ಲಿ. ಮನುಷ್ಯರ ಮಗುವಿಗೆ ಆ ಕವಲುಗೂಟಗಳು ತಾಯಿಯ ಗರ್ಭದಲ್ಲೇ, ಮಾಸಿನ ಮೂಲಕ ದಾಟಿ ಬಂದಿರುತ್ತವೆ. ಎಮ್ಮೆ ಆಕಳುಗಳ ಮಾಸಿನಲ್ಲಿ ಪದರಗಳು ಹೆಚ್ಚು, ಅಷ್ಟು ದೊಡ್ಡ ಅಣು ಅದನ್ನು ದಾಟಲಾರದು. ಹಾಗಾಗಿ ಕರು ಬರಿಗೈಲಿ ಹುಟ್ಟುತ್ತದೆ. ನಾನು ಬದುಕಿದ್ದಕ್ಕೂ ಕರು ಬದುಕುವುದಕ್ಕೂ ಸಂಬಂಧವೇ ಇರಲಿಲ್ಲ. ಖಂಡನೆಗೆ ಒಂದೇ ವಾಕ್ಯ ಸಾಕಿತ್ತು. ಅದೇ ಪುಸ್ತಕದಲ್ಲಿ ಗಿಣ್ಣದ ಗುಟ್ಟೂ ಇತ್ತು. ಆ ಸರಪಳಿಗಳು ಮಡಚಿಕೊಂಡಿರುವ ರೀತಿಯಲ್ಲೇ ಅವುಗಳ ಕೆಲಸ ಇದೆ. ಕಾಯಿಸಿದರೆ ಮಡಿಕೆ ಬಿಚ್ಚುತ್ತದೆ, ಬಿಚ್ಚಿದ ಎಳೆಗಳು ಒಂದಕ್ಕೊಂದು ತೊಡರಿಕೊಂಡು ಗಟ್ಟಿಯಾಗುತ್ತವೆ. ಕರುವನ್ನು ಕಾಯಬೇಕಾಗಿದ್ದದ್ದು ಏಲಕ್ಕಿಯ ಪರಿಮಳದೊಂದಿಗೆ ನಮ್ಮ ತಟ್ಟೆಯಲ್ಲಿತ್ತು.

ಇದನ್ನೆಲ್ಲ ಆಯಿಗೆ ಹೇಳಬಾರದು ಎಂದೇ ಊರಿಗೆ ಬಂದೆ. ಕೊಟ್ಟಿಗೆಯಲ್ಲಿ ಆಯಿ ಎಮ್ಮೆಯ ಕೆಚ್ಚಲು ಸವರುತ್ತ ಕೂತಿದ್ದಳು. ಪಾತ್ರೆ ಖಾಲಿ ಇತ್ತು.

"ಹಾಲ ಇಳಿಸವಲ್ದು. ಕರ ಬಂದ ಡಿಕ್ಕಿ ಹೊಡದ್ರನ ಇಳಸತಿತ್ತು. ಇದಕ್ಕೂ ಏನರ ಗೂಟ ಐತೇನ ನಿನ್ನ ಪುಸ್ತಕದಾಗ?"

ಚೇಷ್ಟೆಗೆ ಕೇಳಿದಳೋ ನಿಜವಾಗಿಯೋ ಗೊತ್ತಾಗಲಿಲ್ಲ. ಬಾಯಿ ತಡೆಯಲಿಲ್ಲ.

"ಗೂಟ ಅಲ್ಲ. ಒಂಬತ್ತ ಮಣಿ ಪೋಣಿಸಿದ ಸಣ್ಣ ಸರ ಇದ್ದಂಗ. ಕರ ಮೊಲಿಗೆ ಬಾಯಿ ಹಾಕಿದ ಕೂಡ್ಲೇ ಎಮ್ಮಿ ತಲಿಯಿಂದ ಅದು ರಕ್ತಕ್ಕ ಇಳೀತೈತಿ. ಕೆಚ್ಚಲಾ ಹಿಂಡತೈತಿ, ಹಾಲ ಬರತೈತಿ. ಗರ್ಭಾನೂ ಹಿಂಡತೈತಿ."

ಆಯಿಯ ಕೈ ನಿಂತಿತು.

"ಗರ್ಭ ಹಿಂಡಿದ್ರ... ಅಂದ್ರ ಕರ ಬಿಟ್ಟಿದ್ರ ಮಾಸ ಲಗೂನ ಬೀಳ್ತಿತ್ತು?"

"ಬೀಳ್ತಿತ್ತೋ ಏನೋ. ಖಾತ್ರಿ ಹೇಳಾಕ ಬರೂದಿಲ್ಲ ಆಯಿ. ಕುಡದ ಕರಾನೂ ಸಾಯ್ತಾವ."

"ನಿನ್ನ ಬಾಯಾಗ ಖಾತ್ರಿ ಇಲ್ಲ ಅನ್ನೂ ಮಾತ ಇವತ್ತ ಕೇಳಿದ್ನಿ," ಎಂದು ಖಾಲಿ ಪಾತ್ರೆ ಎತ್ತಿಕೊಂಡು ಎದ್ದಳು.

ನಾನು ಸುಳ್ಳು ಹೇಳಿರಲಿಲ್ಲ. ಒಂದು ಕರುವಿನ ಸಾವಿನಿಂದ ಏನೂ ಸಾಬೀತಾಗುವುದಿಲ್ಲ. ಆದರೂ ಆಯಿ ಆಮೇಲೆ ಬಹಳ ದಿನ ನನ್ನನ್ನು ವಕೀಲ ಎನ್ನಲಿಲ್ಲ.

ಕಬ್ಬಿನ ಟ್ರ್ಯಾಕ್ಟರುಗಳು ಓಣಿಯ ಬಾಯಲ್ಲಿ ಸಾಲುಗಟ್ಟುವ ದಿನಗಳಲ್ಲಿ ನಾವು ಕಾಕು ಎಂದು ಕರೆಯುವ ಪಕ್ಕದ ಮನೆಯ ಹೆಂಗಸಿನ ಎಮ್ಮೆ ಈದಿತು. ನಾನು ಊರಲ್ಲೇ ಇದ್ದೆ. ಗೋಡೆಯಾಚೆ ಕರು ಒದರುವುದು ಕೇಳಿ ಆಯಿ ಸೆರಗು ಸುತ್ತಿಕೊಂಡು ಹೊರಟಳು, ಹಿಂದೆಯೇ ನಾನು. ಕರು ದೂರದ ಗೂಟಕ್ಕೆ ಕಟ್ಟಿತ್ತು.

"ಬಿಡ ಅದನ್ನ, ಕುಡೀಲಿ," ಎಂದಳು ಆಯಿ.

ಕಾಕು ಬೆರಗಾದಳು. "ಮಾಸ ಬಿದ್ದಿಲ್ರಿ ಇನ್ನಾ! ನೀವ ಕಲಿಸಿದ್ದಲ್ರೀ ಇದು? ಈಗ ನೀವ ಹಿಂಗಂದ್ರ?"

"ನಂದ ತಪ್ಪಿತ್ತು."

"ನಿಮ್ಮ ಕರದ ಹಣಿಬರದಾಗ ಇರಲಿಲ್ಲ, ಹ್ವಾತು. ನನ್ನ ಮಕ್ಕಳ ನೋಡ್ರಿ, ಎಲ್ಲಾ ಬೆಲ್ಲದ ನೀರ ಕುಡದ ಬೆಳದಾವ."

ಅದೇ ಮಾತು! ನನ್ನ ನಾಲಗೆಯ ತುದಿಯಲ್ಲಿ ಉತ್ತರ ಸಿದ್ಧವಿತ್ತು, ಮಾಸು, ಪದರ, ದಾಟಲಾರದ ಅಣು. ಬಾಯಿ ತೆರೆದೆ. ಆಯಿ ನನ್ನ ರಟ್ಟೆ ಹಿಡಿದಳು.

"ನೀ ಸುಮ್ಕಿರು." ಕಾಕುವಿನ ಕಡೆ ತಿರುಗಿದಳು. "ಅದಿರಲಿ. ಗಿಣ್ಣದಾಗ ನನ್ನ ಪಾಲ ಐತೋ ಇಲ್ಲೋ?"

"ಅಯ್ಯ, ಇಲ್ಲ ಅಂದೇನ್ರಿ ಆಯಿ?"

"ಹಂಗಾರ ಈಗ ಕೊಡು. ಕಾಸಬ್ಯಾಡ. ಹಸೀದ ಕೊಡು. ಕರ ಜಗ್ಗಬಾರದು ಅಂತಿ, ಕೈಲೆ ಮೆಲ್ಲಕ ಹಿಂಡು."

ಈದ ದಿನ ಗಿಣ್ಣ ಕೇಳಿದವರಿಗೆ ಇಲ್ಲ ಅನ್ನುವುದು ಹೇಗೆ? ಕಾಕು ಗೊಣಗುತ್ತ ವಾಟಿ ತಂದು ಹಿಂಡಿದಳು. ಆಯಿ ಅದನ್ನು ತೆಗೆದುಕೊಂಡು ನೇರ ಕರುವಿನ ಹತ್ತಿರ ಹೋಗಿ ನೆಲಕ್ಕೆ ಕೂತು, ಎರಡು ಬೆರಳು ಅದ್ದಿ ಅದರ ಬಾಯಿಗಿಟ್ಟಳು. ಕರು ಚೀಪಿತು. ಬೆರಳಿನ ಹಿಂದೆಯೇ ಮೂತಿ ವಾಟಿಗೆ ಇಳಿಯಿತು.

"ಆಯಿ, ಏನ ಮಾಡಾಕತ್ತೀರಿ?"

"ನನ್ನ ಪಾಲ ಇದು. ನಾ ತಿಂತೀನಿ, ಇಲ್ಲಾ ಯಾರಿಗರ ಹಾಕತೀನಿ. ನಿನಗೇನು?" ಖಾಲಿ ವಾಟಿ ಮುಂದೆ ಚಾಚಿದಳು. "ಹಿಂಡು. ಇದು ವಕೀಲನ ಪಾಲ. ಆಮ್ಯಾಲ ಅವರವ್ವಂದು, ಅವರಪ್ಪಂದು. ನಮ್ಮ ಮನಿ ಮಂದಿ ಪಾಲೆಲ್ಲಾ ಇವತ್ತ ಇಸಗೊಂಡ ಹೋಗಾಕಿ ನಾ."

ಕಾಕುವಿಗೆ ನಗು ತಡೆಯಲಾಗಲಿಲ್ಲ. ಹಿಂಡಿದಳು. ನಾನು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಬಾಲ ಅಲ್ಲಾಡಿಸುತ್ತಿದ್ದ ಕರುವಿನ ಗಂಟಲಲ್ಲಿ ನನ್ನ ಪಾಲು ಇಳಿಯುವುದನ್ನು ನೋಡಿದೆ. ನಮ್ಮ ಎಮ್ಮೆ ಈದ ಆ ಭಾನುವಾರ ನಮ್ಮ ಮನೆಯಲ್ಲೂ ನನಗೊಂದು ಪಾಲು ಇತ್ತು. ಹಸಿಯಾಗಿಯೇ ಕೇಳಿದ್ದರೆ ಆಯಿ ಇಲ್ಲ ಅನ್ನುವಂತಿರಲಿಲ್ಲ. ಪರವಾಗಿ ಏನು, ವಿರುದ್ಧವಾಗಿ ಏನು ಎಂದು ಇಡೀ ಹಗಲು ಕಳೆದೆವು, ವಾಟಿಗಳು ಅಡುಗೆಮನೆಯ ಗೂಡಿನಲ್ಲಿ ಬೋರಲಾಗಿ ಕೂತಿದ್ದವು.

ಹೊಳ್ಳಿ ಬರುವಾಗ ಆಯಿ ಅದನ್ನೇ ಯೋಚಿಸುತ್ತಿದ್ದಳು ಎಂದು ಕಾಣುತ್ತದೆ.

"ಅವತ್ತ ನೀ ನಿನ್ನ ಪಾಲ ಕೇಳಿದ್ರ ನಾ ಕೊಡ್ತಿದ್ನಿ."

"ನನಗ ಹೊಳೀಲಿಲ್ಲ ಆಯಿ."

"ನನಗೂ," ಎಂದಳು. ನಮ್ಮ ಕೊಟ್ಟಿಗೆಯಲ್ಲಿ ಮುದಿ ಎಮ್ಮೆ ಉದ್ದ ಕೋಡು ಹೊತ್ತು ಗೋಡೆಯಾಚೆಗೆ ಕಿವಿ ಮಾಡಿ ನಿಂತಿತ್ತು. ಆಯಿ ಅದಕ್ಕೆ ಒಂದಿಷ್ಟು ಸೋಗೆ ಹಾಕಿ ಒಳಗೆ ಹೋದಳು.