ಮಾರಿವಿಕ್ ಹಾಕುವ ಬೆಂಕಿಯ ಲೆಕ್ಕ

ಜನರಲ್ ಸ್ಯಾಂಟೋಸ್ ಎಂಬ ಊರಿನ ಬಂದರಿನ ಮೀನು ಡಬ್ಬಿ ಕಾರ್ಖಾನೆಯಲ್ಲಿ ಎಂಜಿನಿಯರ್ ಮಾರಿವಿಕ್‌ಳ ಕೆಲಸ, ಇನ್ನೂ ಹೊತ್ತದ ಬೆಂಕಿಯ ಲೆಕ್ಕ ಹಾಕುವುದು. ಪ್ಯಾನೆಲ್ಲಿನೊಳಗೆ ಕರೆಂಟು ನೆಲಕ್ಕೆ ಸೋರಿ ಕಿಡಿ ಎದ್ದರೆ ಎದುರಿಗೆ ನಿಂತವರ ಮೈಗೆ ಎಷ್ಟು ಕಾವು ಬಡಿದೀತು ಎಂದು ಅಂದಾಜು ಮಾಡಿ, ಯಾವ ಉಡುಪು ಬೇಕೆಂದು ಅದರ ಬಾಗಿಲಿಗೆ ಚೀಟಿ ಅಂಟಿಸಬೇಕು. ಜನ ಆಡಿಕೊಳ್ಳದೆ ಬಿಡುತ್ತಾರೆಯೇ? "ನಮ್ಮನೆಯವಳ ಸಿಟ್ಟಿಗೂ ಒಂದು ಚೀಟಿ ಬರ್ಕೊಡಮ್ಮ, ಬಾಗ್ಲಿಗೆ ಅಂಟಿಸ್ತೀನಿ" ಎನ್ನುತ್ತಿದ್ದ ಕಾವಲುಗಾರ. ಅವಳೂ ನಗುತ್ತಿದ್ದಳು. ಆ ಕೆಲಸ ಅವಳಿಗೆ ನಿಜಕ್ಕೂ ಇಷ್ಟವಾಗಿತ್ತು.

ಕೆಲಸ ಕೊಡಿಸಿದವರು ಹಿರಿಯ ಎಲೆಕ್ಟ್ರಿಷಿಯನ್ ಕ್ರಿಸಾಂಟೊ. ಅವಳ ಜ್ಞಾನಸ್ನಾನದ ದಿನ ಚರ್ಚಿನಲ್ಲಿ ಅವಳನ್ನು ಎತ್ತಿಕೊಂಡು ನಿಂತವರು. ಹಾಗಾಗಿ ಅವಳಿಗೆ ಅವರು 'ನಿನೊಂಗ್', ಅಪ್ಪನಿಗೆ ಸಮ. ಬೆಂಕಿ ತಡೆಯುವ ದಪ್ಪ ಉಡುಪು ಕಂಡರೆ ಅವರಿಗಾಗದು. ಮೀನು ತೊಳೆಯುವ ಹಜಾರದ ಪ್ಯಾನೆಲ್ಲಿಗೆ ಮಾಮೂಲಿ ಅಂಗಿ ಸಾಕು ಎಂದು ಅವಳು ಚೀಟಿ ಬರೆದಾಗ ಹಿಗ್ಗಿ ಹೀರೇಕಾಯಿಯಾಗಿದ್ದರು.

ಆ ಮಧ್ಯಾಹ್ನ ನಿನೊಂಗ್ ಬುತ್ತಿಯಲ್ಲಿ ಕೆಂಡದ ಮೇಲೆ ಸುಟ್ಟ ಟ್ಯೂನಾ ಮೀನಿನ ಹೊಟ್ಟೆಯ ತುಂಡಿತ್ತು. ಇಬ್ಬರೂ ಹಂಚಿಕೊಂಡು ತಿನ್ನುತ್ತಿದ್ದರು.

"ಯಾರು ಕೊಟ್ರು?"

"ತೊಳೆಯೋ ಹೆಂಗಸ್ರು. ನೀರು ಹಾಯಿಸಿದಾಗೆಲ್ಲ ಕರೆಂಟು ಹೋಗ್ತಿತ್ತಲ್ಲ, ಈಗ ಹೋಗಲ್ಲ. ನನ್ನ ಕೈಗುಣ ಕಣೇ," ಎಂದು ಬೀಗಿದರು. "ಬೇಗ ತಿನ್ನು. ಅದೇ ಪ್ಯಾನೆಲ್ಲನ್ನ ಕರೆಂಟ್ ಇದ್ದ ಹಾಗೇ ತೆಗೆದು ಅಳೀಬೇಕು."

ಮಾರಿವಿಕ್‌ಳ ತುತ್ತು ಬಾಯಲ್ಲೇ ನಿಂತಿತು. "ನಿನೊಂಗ್, ಸೋರಿಕೆ ಹಿಡಿಯೋ ರಿಲೇನ ತಿರುಗಿಸಿದ್ರಾ?"

"ಕೊನೇವರ್ಗೂ."

ಕೊನೆಯವರೆಗೆ ತಿರುಗಿಸಿದ ರಿಲೇ ಸಣ್ಣ ಸೋರಿಕೆಗೆ ಕರೆಂಟು ಕಡಿಯುವುದೇ ಇಲ್ಲ. ದೊಡ್ಡ ಷಾರ್ಟ್ ಆದರೆ ಬ್ರೇಕರ್ ತಕ್ಷಣ ಬಿದ್ದು ಕರೆಂಟು ಕಡಿಯುತ್ತದೆ. ನೆಲಕ್ಕೆ ಸೋರುವ ಸಣ್ಣ ಕರೆಂಟು ಅದರ ಗಮನಕ್ಕೇ ಬಾರದು. ರಿಲೇ ಕಡಿದರೆ ಮಾತ್ರ ಕಿಡಿ ಆರುತ್ತದೆ, ಇಲ್ಲವಾದರೆ ಉರಿಯುತ್ತಲೇ ಇರುತ್ತದೆ. ಅವಳ ಲೆಕ್ಕವೆಲ್ಲ ಆ ರಿಲೇಯನ್ನು ನಂಬಿತ್ತು. ಈಗ ಚೀಟಿ ನಂಬಿ ನಿನೊಂಗ್ ಬರೀ ಅಂಗಿಯಲ್ಲಿ ಬಾಗಿಲು ತೆಗೆದರೆ ಸುಟ್ಟುಹೋಗಬಹುದು. ತಡೆದರೆ ಹೆಂಗಸರೆದುರು ಅವರ ಮರ್ಯಾದೆ ಹೋಗುತ್ತದೆ.

ಅವಳು ಎದ್ದು ಹೋಗಿ ಪ್ಯಾನೆಲ್ಲಿನ ಬಾಗಿಲ ಚೀಟಿ ಕಿತ್ತಳು. "ಇವತ್ತು ಇದನ್ನ ತೆಗೆಯಂಗಿಲ್ಲ."

ನಿನೊಂಗ್ ಮುಖ ಗಂಟಿಕ್ಕಿದರು. "ನಿನ್ನನ್ನ ಇಲ್ಲಿಗೆ ಸೇರಿಸಿದ್ದು ಯಾರೇ?"

"ನೀವೇ. ನೀವು ಸುಟ್ಕೊಂಡ್ರೆ ನಾನು ನೋಡ್ಕೊಂಡಿರ್ಲಾ?"

ಅವರು ಸ್ವಿಚ್ಚುಗಳ ಕೋಣೆಗೆ ಹೋಗಿ ರಿಲೇಯನ್ನು ಮೊದಲಿನ ಗುರುತಿಗೆ ತಂದರು. ಹಜಾರದಲ್ಲಿ ನೀರು ಹಾಯಿಸಿದ್ದೇ ತಡ, ಕರೆಂಟು ಹೋಯಿತು. ಹೆಂಗಸರ ಮುಖಂಡೆ ನೆನೀತಾ ಮಾರಿವಿಕ್ ಮೇಲೆ ಹರಿಹಾಯ್ದಳು. "ಇವಳದ್ದೇ ಕಿತಾಪತಿ. ನಮ್ಮ ಮೀನು ವಾಪಸ್ ಕೊಡಿ."

ನಿನೊಂಗ್ ಕರೆಂಟು ಪೂರ್ತಿ ತೆಗೆದು, ಸ್ವಿಚ್ಚಿಗೆ ಬೀಗ ಹಾಕಿ, ಯಾರೂ ಹೇಳದೆಯೇ ದಪ್ಪ ಉಡುಪು ತೊಟ್ಟು ಬಾಗಿಲು ತೆರೆದರು. ಒಳಗೆ ನೀರು ಜಿನುಗಿದ್ದ ತಂತಿಯ ಬುಡದಲ್ಲಿ ತಗಡು ಕರಕಲಾಗಿತ್ತು, ಸರಿಯಾಗಿ ಅವರ ಮುಖದ ಎತ್ತರಕ್ಕೆ.

ಅವರು ಹೆಂಗಸರತ್ತ ತಿರುಗಿದರು. "ತಪ್ಪು ನಂದು. ಬೈಯೋದಿದ್ರೆ ನನ್ನ ಬೈರಿ, ನನ್ನ ಮಗಳನ್ನಲ್ಲ."

"ಮೀನು?" ಎಂದಳು ನೆನೀತಾ.

"ಅರ್ಧ ನನ್ನ ಹೊಟ್ಟೇಲಿದೆ, ಅರ್ಧ ಅವಳ ಹೊಟ್ಟೇಲಿ."

ಹೆಂಗಸರ ಜೊತೆ ನೆನೀತಾಳೂ ನಕ್ಕಳು. ಮಾರಿವಿಕ್‌ಗೆ ಮಾತ್ರ ಕಣ್ಣು ತುಂಬಿ ಬಂತು.

ಮಾರನೆಯ ದಿನ ತಂತಿ ಬದಲಾದ ಮೇಲೆ ಅವಳು ಹೊಸ ಚೀಟಿ ತಂದಳು. ನಿನೊಂಗ್ ಅದರ ಮೇಲಿನ ಅಂಕಿಯತ್ತ ಕಣ್ಣೂ ಹಾಯಿಸಲಿಲ್ಲ.

"ರಿಲೇ ನೋಡ್ಕೊಂಡು ಬಂದ್ಯಾ?"

"ಈಗಷ್ಟೇ ನೋಡ್ಬಂದೆ."

"ಹಾಗಾದ್ರೆ ಅಂಟ್ಸು."