ರೊಟ್ಟಿ ಮಷೀನನ್ನು ಮಾತಾಡಿಸಿದವಳು

ಶಲವಡಿಯ ಶಿವಗಂಗವ್ವನ ಪಡಸಾಲೆಯಲ್ಲಿ ಎರಡು ಆಸ್ತಿಗಳು ಎದುರುಬದುರು ಕೂತಿದ್ದವು. ಒಂದು, ಅವಳ ರೊಟ್ಟಿ ಮಷೀನು. ಇನ್ನೊಂದು, ಸೊಸೆ ಶೈಲಶ್ರೀಯ ಟೇಬಲ್ಲು. ಮಷೀನು ದಿನಾ ನಾನೂರು ಖಡಕ್ ರೊಟ್ಟಿ ಕೊಡುತ್ತಿತ್ತು. ಟೇಬಲ್ಲು ಏನು ಕೊಡುತ್ತದೆ ಎಂಬುದು ಮನೆಯಲ್ಲಿ ಇನ್ನೂ ಇತ್ಯರ್ಥವಾಗಿರಲಿಲ್ಲ.

ಶೈಲಶ್ರೀ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ಊರಿನ ಬೇರೆ ಸೊಸೆಯಂದಿರು ತವರಿನಿಂದ ತಿಜೋರಿ ತಂದರೆ ಇವಳು ಬೆಸುಗೆ ಹಾಕುವ ಸಾಮಾನು ತಂದಿದ್ದಳು. ಊರವರ ಚಾರ್ಜರು, ಗಿರಣಿಯ ತೂಕದ ಯಂತ್ರ ಎಲ್ಲ ಆ ಟೇಬಲ್ಲಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗುತ್ತಿದ್ದವು. ಸಂಜೆ ಎರೆಹೊಲದ ಗಾಳಿ ಕಿಟಕಿಗೆ ಬಂದಾಗ ತಂತಿಗಳು ಸಣ್ಣಗೆ ತೂಗುತ್ತಿದ್ದವು. ಅವಳಿಗೆ ಅದು ಪೈರಿನ ಹಾಗೆ ಕಾಣುತ್ತಿತ್ತು, ಅತ್ತೆಗೆ ಕಸದ ಹಾಗೆ.

ಹದಿನೈದು ದಿನದಿಂದ ಮಷೀನು ಹಟ ಹಿಡಿದಿತ್ತು. ಬೆಳಿಗ್ಗೆ ನಾಲ್ಕು ರೊಟ್ಟಿ ಒತ್ತುವುದರೊಳಗೆ ಗಕ್ಕನೆ ನಿಂತು, ಪುಟ್ಟ ಪರದೆಯ ಮೇಲೆ ‘ಸ್ವಾಗತ’ ಎಂದು ತೋರಿಸಿ ಮತ್ತೆ ಮೊದಲಿನಿಂದ ಶುರುಮಾಡುತ್ತಿತ್ತು. ಮತ್ತೆ ನಾಲ್ಕು ರೊಟ್ಟಿ, ಮತ್ತೆ ಸ್ವಾಗತ. ಹೊತ್ತು ಏರಿದ ಮೇಲೆ ತಾನಾಗಿಯೇ ಸರಿಹೋಗುತ್ತಿತ್ತು.

“ಇದೇನಬೇ ಶೈಲಾ, ಬೀಗರು ಬಂದಂಗ ಘಳಿಗಿಗೊಮ್ಮೆ ಸ್ವಾಗತ ಮಾಡತೈತಿ?” ಎಂದಳು ಶಿವಗಂಗವ್ವ. “ಸೋಮವಾರ ಮುಂಜಾನೆ ನವಲಗುಂದದ ಹಾಸ್ಟೆಲ್ಲಿಗೆ ಇನ್ನೂರ ರೊಟ್ಟಿ ಹೋಗಬೇಕು. ಹತ್ತಕ್ಕ ಶಾಕೀರ್ ಗಾಡಿ ತರತಾನ. ಅಷ್ಟರಾಗ ಇದು ನೆಟ್ಟಗಾಗಲಿಲ್ಲಂದ್ರ ನಿನ್ನ ಟೇಬಲ್ ಹೊರಗ. ಅಲ್ಲಿ ಜ್ವಾಳದ ಚೀಲ ಇಡತೀನಿ. ಚೀಲ ಆದ್ರ ಹೇಳಿದಲ್ಲೆ ಕುಂದರತಾವ.”

ಶೈಲಶ್ರೀ ಗಂಡನ ಮುಖ ನೋಡಿದಳು. ಕಾಶಿನಾಥ ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸುವುದು ನೆನಪಾಗಿ ಎದ್ದುಹೋದ.

ಮಷೀನಿನೊಳಗಿನ ಚಿಪ್ಪನ್ನೇ ಕೇಳದೆ ದಾರಿಯಿರಲಿಲ್ಲ. ಕೆಲಸ ಮಾಡುತ್ತಿರುವ ಚಿಪ್ಪನ್ನು ತಡೆದು ‘ಏನು ಮಾಡುತ್ತಿದ್ದಿ, ಯಾಕೆ ಮೊದಲಿಗೆ ಹೋದಿ’ ಎಂದು ವಿಚಾರಿಸುವ ಸಾಧನಕ್ಕೆ ಡಿಬಗರ್ ಎನ್ನುತ್ತಾರೆ. ದೊಡ್ಡ ಕಂಪನಿಗಳವರು ಇಟ್ಟುಕೊಳ್ಳುವಂಥದಕ್ಕೆ ಒಂದು ಎಮ್ಮೆಯ ಬೆಲೆ. ಶೈಲಶ್ರೀಯ ಹತ್ತಿರ ಇದ್ದದ್ದು ಎರಡು ಕಿಲೊ ಶೇಂಗಾದ ಬೆಲೆಗೆ ತರಿಸಿದ ಹೆಬ್ಬೆರಳಿನಷ್ಟು ಬೋರ್ಡು. ಪುಕ್ಕಟೆ ಸಿಗುವ ಪ್ರೋಗ್ರಾಮೊಂದನ್ನು ಅದಕ್ಕೆ ತುಂಬಿ, ಮೂರು ತಂತಿ ಬೆಸೆದು, ತಂತಿಯ ತುದಿಗಳು ಮಷೀನಿನ ಚಿಪ್ಪಿನಿಂದ ಜಾರದಂತೆ ಅರಿವೆ ಒಣಹಾಕುವ ಕ್ಲಿಪ್ಪಿನಲ್ಲಿ ಕಚ್ಚಿಸಿದಳು. ಶನಿವಾರ ಲ್ಯಾಪ್‌ಟಾಪು ‘ಯಾವ ಚಿಪ್ಪೂ ಇಲ್ಲ’ ಎಂದಿತು. ಎರಡು ತಂತಿ ಅದಲುಬದಲಾಗಿದ್ದವು. ರವಿವಾರ ‘ಇದೆ’ ಎಂದಿತು. ಆ ಒಂದು ಮಾತಿಗೆ ಅವಳ ಕಣ್ಣಲ್ಲಿ ನೀರೇ ಬಂತು. ಒಗ್ಗರಣೆಯ ಘಾಟು ಎಂದು ಮುಖ ಒರೆಸಿಕೊಂಡಳು.

ಸೋಮವಾರ ಶಿವಗಂಗವ್ವ ಜಳಕ, ಪೂಜೆ ಮುಗಿಸಿ ಗುಂಡಿ ಒತ್ತಿದಳು. ಮೂರು ರೊಟ್ಟಿ, ಸ್ವಾಗತ.

ಶೈಲಶ್ರೀ ಲ್ಯಾಪ್‌ಟಾಪಿನಲ್ಲಿ ಚಿಪ್ಪಿನ ಉತ್ತರ ಓದಿದಳು. ಕರೆಂಟು ಕಡಿಮೆಯಾಗಿಲ್ಲ, ಪ್ರೋಗ್ರಾಮು ಎಡವಿಲ್ಲ. ‘ಮೊದಲಿನಿಂದ ಶುರುಮಾಡು’ ಎಂಬ ಅಪ್ಪಣೆ ಪಡೆಯುವ ಕಾಲೊಂದು, ಎಂದರೆ ಲೋಹದ ಸಣ್ಣ ಕಡ್ಡಿಯೊಂದು, ಚಿಪ್ಪಿಗಿರುತ್ತದೆ. ಆ ಅಪ್ಪಣೆ ಹೊರಗಿನಿಂದ ಬಂದಿದೆ.

“ಅತ್ತಿ, ಹೊರಗಿನವರು ಯಾರೋ ಇದನ್ನ ಮುಟ್ಟಾಕತ್ತಾರ್ರಿ.”

“ಮನ್ಯಾಗ ಹೊರಗಿನವರು ಯಾರದಾರಬೇ? ನೀನೊಬ್ಬಾಕಿ.”

ಶೈಲಶ್ರೀ ಬ್ಯಾಟರಿ ಹಿಡಿದು ಬಗ್ಗಿದಳು. ಚಿಪ್ಪಿನ ನೆತ್ತಿಯ ಮೇಲೆ ಮೂರು ಬೆರಳಿನ ವಿಭೂತಿ, ಇನ್ನೂ ಹಸಿಹಸಿ, ಇಳಿದು ಕಾಲುಗಳ ಸಂದಿಗೆಲ್ಲ ಹರಡಿತ್ತು. ಇಷ್ಟು ದಿನ ಆ ಒಣ ಬಿಳುಪನ್ನು ಅವಳು ರೊಟ್ಟಿಯ ಹಿಟ್ಟು ಎಂದುಕೊಂಡಿದ್ದಳು.

“ಇಲ್ಲಿ ವಿಭೂತಿ ಯಾರ ಹಚ್ಚಿದ್ರಿ?”

“ನಾನ. ಮೊದಲ ಹೊರಗಿನ ತಗಡಿಗೆ ಹಚ್ಚತಿದ್ದೆ. ಹದಿನೈದ ದಿನದ ಹಿಂದ ಮುಚ್ಚಳ ತಗದು ‘ನೋಡ್ರಿ ಅತ್ತಿ, ಇದ ಮಷೀನಿನ ತಲಿ’ ಅಂತ ತೋರಿಸಿದಾಕಿ ಯಾರು? ತಲಿ ಇಲ್ಲೈತಿ ಅಂತ ಗೊತ್ತಾದಮ್ಯಾಲೂ ಬೆನ್ನಿಗೆ ಹಚ್ಚಲೇನು?”

ತೋರಿಸಿದವಳು ಶೈಲಶ್ರೀಯೇ. ಅಂದು ತೆಗೆದ ಮುಚ್ಚಳವನ್ನು ತಿರುಗಿ ಹಾಕದೆ ಬಿಟ್ಟವಳೂ ತಾನೇ. ಅವಳು ಪ್ಲಗ್ ಕಿತ್ತು, ಹಳೆಯ ಹಲ್ಲಿನ ಬ್ರಷ್ಷಿಗೆ ಸ್ಪಿರಿಟ್ ಹಚ್ಚಿ ತಿಕ್ಕತೊಡಗಿದಳು.

“ವಿಭೂತೀದು ತಪ್ಪಿಲ್ರಿ, ನೀರಿಂದು. ಹಸೀ ಇದ್ದಾಗ ಕಾಲಿಂದ ಕಾಲಿಗೆ ಕರೆಂಟ್ ಹರೀತೈತಿ. ಒಣಗಿದಮ್ಯಾಲೆ ಸುಮ್ಮನಾಗತೈತಿ.”

ಶಿವಗಂಗವ್ವ ಗಲ್ಲಕ್ಕೆ ಕೈ ಹಚ್ಚಿ ವಿಚಾರ ಮಾಡಿದಳು. “ಅಂದ್ರ ನಾ ವಿಭೂತಿ ಹಚ್ಚಿದ ಕೂಡ್ಲೆ ಎಲ್ಲಾ ಬಿಟ್ಟು ಹೊಸದಾಗಿ ಶುರುಮಾಡತಿತ್ತು. ನನ್ನ ಮಗ ಕಾಶೀಗಿಂತ ಭಕ್ತಿ ಐತಿ ಬಿಡು ಇದಕ್ಕ.”

ಮುಚ್ಚಳ ಬಿಗಿಯಾಯಿತು. ಶಿವಗಂಗವ್ವ ಅದರ ಮೇಲೆ ಹೊಸದಾಗಿ ಮೂರು ಗೆರೆ ಎಳೆದಳು, ಸೊಸೆಯ ಕಡೆ ಓರೆಗಣ್ಣು ಇಟ್ಟುಕೊಂಡೇ. ನಾಲ್ಕು ರೊಟ್ಟಿ ಬಂದವು. ಐದನೆಯದು ಬಂತು. ಹನ್ನೆರಡನೆಯದಕ್ಕೆ ಅತ್ತೆ ಉಸಿರು ಬಿಟ್ಟಳು, ನಲವತ್ತಕ್ಕೆ ಸೊಸೆ.

ಶಾಕೀರ್ ಅರ್ಧ ತಾಸು ಕಾಯಬೇಕಾಯಿತು. “ಏನಾಗಿತ್ರಿ ದೊಡ್ಡವ್ವ ಮಷೀನಿಗೆ?” ಎಂದು ಕೇಳಿದ.

“ಹೊರಗಿನವರ ಕೈ ಆಡಿತ್ತಪಾ. ನಮ್ಮ ಸೊಸಿ ಹಿಡದ್ಲು.”

ಶೈಲಶ್ರೀ ರೊಟ್ಟಿಯ ಕಟ್ಟು ಎಣಿಸುವುದರಲ್ಲಿ ಮಗ್ನಳಾದಳು.

ಮಧ್ಯಾಹ್ನ ಜೋಳದ ಚೀಲಗಳು ಬಂದವು. ಶಿವಗಂಗವ್ವ ಅವನ್ನು ತನ್ನ ಮಂಚದ ಬಾಜು ಇರಿಸಿಕೊಂಡಳು. ಆಮೇಲೆ ಟೇಬಲ್ಲಿನ ಹತ್ತಿರ ಬಂದು ತನ್ನ ಮೊಬೈಲನ್ನು ತಂತಿಗಳ ನಡುವೆ ಮೆಲ್ಲಗೆ ಇಟ್ಟಳು.

“ಇದನ್ನೂ ಒಂದೀಟು ಕೇಳ ಬೇ. ಮೊರಬದಾಗಿನ ನನ್ನ ತಂಗಿ ತಿಂಗಳಾತು ಫೋನ್ ಮಾಡವಲ್ಲಳು. ನನ್ನ ಮ್ಯಾಲ ಸಿಟ್ಟಾಗ್ಯಾಳೇನು ಅಂತ.”

ಇದಕ್ಕೆ ಡಿಬಗರ್ ಬೇಕಾಗಲಿಲ್ಲ. ಚಿಕ್ಕತ್ತೆಯ ನಂಬರನ್ನು ಅತ್ತೆಯ ಹೆಬ್ಬೆರಳೇ ಎಂದೋ ಬ್ಲಾಕ್ ಮಾಡಿತ್ತು. ಶೈಲಶ್ರೀ ಅದನ್ನು ತೆಗೆದು ಫೋನು ವಾಪಸು ಕೊಟ್ಟಳು.

“ಸಿಟ್ಟಿಲ್ರಿ ಅತ್ತಿ. ನೆಟ್‌ವರ್ಕ್ ಇರಲಿಲ್ಲ.”