ಗೆಳೆಯನಿಗೊಂದು ಕಿಡ್ನಿ

ಕೊರೋನಾ ಹಾವಳಿ ತಗ್ಗಿದ ಮರುವರ್ಷ. ಸಯನ್‌ನ ಮನೆಯಿಂದ ದಿನಾ ಲೋಕಲ್ ರೈಲು ಹಿಡಿದು ಉಪನಗರದ ಒಂದು ಖಾಸಗಿ ಆಸ್ಪತ್ರೆಗೆ ಹೋಗುತ್ತಿದ್ದೆ. ಅಲ್ಲಿ ನಾನು ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್. ಅಂಗ ಕೊಡುವವರನ್ನೂ ಪಡೆಯುವವರನ್ನೂ ವಿಚಾರಿಸಿ ಶಸ್ತ್ರಚಿಕಿತ್ಸೆಯವರೆಗೆ ತಲುಪಿಸುವ ಕೆಲಸ. ಕೊಡುವವರು ಹತ್ತಿರದ ಸಂಬಂಧಿಯಲ್ಲದಿದ್ದರೆ ಸರ್ಕಾರದ ಸಮಿತಿ ಒಪ್ಪಬೇಕು. ಪ್ರೀತಿಯಿಂದಲೇ ಕೊಡುತ್ತಿದ್ದಾರೆ, ದುಡ್ಡಿಗಾಗಿ ಅಲ್ಲ, ಯಾರ ಒತ್ತಡಕ್ಕೂ ಅಲ್ಲ ಎಂದು ಅಲ್ಲಿ ಖಾತ್ರಿಯಾಗಬೇಕು. ಅನುಮಾನಪಡುವುದಕ್ಕೇ ನನಗೆ ಸಂಬಳ ಎಂದರೂ ತಪ್ಪಿಲ್ಲ.

ಗೋರೆಗಾಂವ್‌ನ ಬಸವರಾಜ ಕಟ್ಟಡ ಗುತ್ತಿಗೆದಾರರು. ಎರಡೂ ಕಿಡ್ನಿ ಕೆಟ್ಟು ಡಯಾಲಿಸಿಸ್ ಮೇಲಿದ್ದರು. ಕಿಡ್ನಿ ಕೊಡಲು ಬಂದ ಯಲ್ಲಪ್ಪ ಅವರದೇ ಸೈಟಿನ ವಾಚ್‌ಮನ್. ಬಸವರಾಜ ಕುರ್ಚಿಯಲ್ಲಿ ಕುಳಿತರು, ಯಲ್ಲಪ್ಪ ಗೋಡೆಗೊರಗಿ ನಿಂತೇ ಇದ್ದರು.

“ಗೆಳೆಯಾರ್ರೀ ಮೇಡಮ್,” ಎಂದರು ಬಸವರಾಜ. “ವಿಜಯಪುರದಿಂದ ಕೂಡೇ ಬಂದವ್ರು. ಒಂದ ತಗಡಿನ ಶೆಡ್ಡಿನ್ಯಾಗ ಮಲಗಿ, ಒಂದ ತಾಟಿನ್ಯಾಗ ಉಂಡೀವಿ. ಪಾಯಾದ ಮಣ್ಣು ಕುಸದಾಗ ಇಂವನ್ನ ನಾನ ಕೈಲೆ ಕೆದರಿ ತಗದೀನ್ರೀ.”

ಯಲ್ಲಪ್ಪನವರನ್ನು ಒಬ್ಬರನ್ನೇ ಕೂರಿಸಿ ಕೇಳಿದೆ. ಶೆಡ್ಡು, ತಾಟು, ಮಣ್ಣು. ಅದೇ ಮಾತು, ಅದೇ ಕ್ರಮ. ಯಾರೋ ಕಲಿಸಿ ಕಳಿಸಿದಂತಿತ್ತು. ಅವರ ಹೆಂಡತಿಯನ್ನು ಕರೆಸಿದೆ, ಹಳೆಯ ಕೆಲಸಗಾರರನ್ನು ವಿಚಾರಿಸಿದೆ. ಎಲ್ಲ ನಿಜವೇ, ದುಡ್ಡು ಕೈಬದಲಾದ ಸುಳಿವೂ ಇರಲಿಲ್ಲ. ಆದರೂ ಯಲ್ಲಪ್ಪ ಆಡಿದ ಒಂದು ಮಾತು ಚುಚ್ಚುತ್ತಿತ್ತು. ಅವರನ್ನು ಇನ್ನೊಮ್ಮೆ ಕರೆಸಿದೆ.

“ಗೆಳೆಯನನ್ನು ಸಾಹೇಬ್ರು ಅಂತೀರಲ್ಲ?”

“ಮೊದಲ ಬಸ್ಯಾ ಅಂತಿದ್ದೆರಿ. ಅಂವಾ ನನ್ನ ಉಳಸಿದ್ದು ಖರೇನ. ಆದರ ಬಂದವ್ರ ಮುಂದೆಲ್ಲಾ ಅದನ್ನ ಹೇಳ್ತಾನ. ಕೆಲಸಾ ಬಿಡತೀನಿ ಅನ್ನಾಕೂ ನನಗ ಬಾಯಿ ಬರೂದಿಲ್ಲ. ಇದೊಂದು ಕೊಟ್ಟಬಿಟ್ರ ಆ ಋಣ ತೀರತೈತ್ರಿ.”

“ಮನಸ್ಸಿಲ್ಲದಿದ್ದರೆ ಹೇಳಿ. ಕಾರಣ ಯಾರಿಗೂ ತಿಳಿಯದ ಹಾಗೆ ಡಾಕ್ಟರು ನಿಮ್ಮನ್ನು ಕೈಬಿಡುತ್ತಾರೆ.”

“ಮನಸೈತ್ರಿ. ಮುಗಸೂ ಮನಸು.”

ಇದನ್ನು ಪ್ರೀತಿ ಎಂದು ಸಮಿತಿಗೆ ಹೇಗೆ ಬರೆಯಲಿ? ಬರೆಯದಿದ್ದರೆ ಒಬ್ಬರ ಜೀವದ ಪ್ರಶ್ನೆ. ಯಲ್ಲಪ್ಪನವರ ಒಪ್ಪಿಗೆ ಪಡೆದು, ಕಿಡ್ನಿ ತಜ್ಞರ ಎದುರು ಇಬ್ಬರನ್ನೂ ಕೂರಿಸಿದೆವು. ಯಲ್ಲಪ್ಪ ತಲೆ ಎತ್ತದೆ ಎಲ್ಲವನ್ನೂ ಹೇಳಿದರು.

ಬಸವರಾಜರ ಮುಖ ಕಪ್ಪಿಟ್ಟಿತು. “ನಾ ಯಾವಾಗ ನಿನ್ನ ಕಿಡ್ನಿ ಕೇಳೀನಲೇ?”

“ಕೇಳಿಲ್ಲ. ದಿನಾ ಹೇಳೀದಿ.”

ಬಸವರಾಜ ಎದ್ದು ಹೊರನಡೆದರು. ಮರುವಾರ ಅರ್ಜಿ ವಾಪಸ್ ಪಡೆದರು, ಕಾರಣ ಹೇಳಲಿಲ್ಲ. ಪಶ್ಚಾತ್ತಾಪವೋ, ಹಟವೋ, ಬೇರೆ ಆಸ್ಪತ್ರೆಯಲ್ಲಿ ಬೇರೆ ದಾರಿ ಹುಡುಕುತ್ತಿದ್ದಾರೋ ಎಂದು ನಾನು ಕಣ್ಣಿಟ್ಟೇ ಇದ್ದೆ. ಅಂಥದ್ದೇನೂ ಕಾಣಲಿಲ್ಲ. ಮೃತ ದಾನಿಯ ಕಿಡ್ನಿಗಾಗಿ ಸರದಿಯಲ್ಲಿ ಹೆಸರು ಬರೆಸಿ, ಡಯಾಲಿಸಿಸ್‌ಗೆ ನಮ್ಮಲ್ಲಿಗೇ ಬರುತ್ತಿದ್ದರು. ಯಲ್ಲಪ್ಪ ಕೆಲಸ ಬಿಟ್ಟು ಗ್ರಾಂಟ್ ರೋಡಿನ ಲಾಡ್ಜೊಂದರಲ್ಲಿ ಕೆಲಸಕ್ಕೆ ಸೇರಿದರೆಂದು ಕೇಳಿದೆ.

ಕೆಲವು ತಿಂಗಳ ಮೇಲೆ ಡಯಾಲಿಸಿಸ್ ವಾರ್ಡಿನಲ್ಲಿ ಬಸವರಾಜರ ಪಕ್ಕ ಸ್ಟೂಲಿನ ಮೇಲೆ ಯಲ್ಲಪ್ಪ ಕುಳಿತಿದ್ದರು. ಮತ್ತೆ ಶುರುವಾಯಿತೇ ಎಂದುಕೊಂಡೆ. ಯಲ್ಲಪ್ಪನವರನ್ನು ಹೊರಗೆ ಕರೆದು ಕೇಳಿದೆ, “ಯಾರು ಬರಹೇಳಿದರು?”

“ಯಾರೂ ಹೇಳಿಲ್ರೀ ಮೇಡಮ್. ಇವತ್ತ ಸುಟ್ಟಿ ಐತಿ. ಹಂಗ ಬಂದೆ.”

ಮುಂದಿನ ರಜೆಗೂ ಬಂದರು. ನಾನು ಕಳೆದ ವರ್ಷ ನಿವೃತ್ತಳಾಗುವವರೆಗೂ ಬಸವರಾಜರಿಗೆ ಕಿಡ್ನಿ ಸಿಕ್ಕಿರಲಿಲ್ಲ. ದುಡ್ಡಿನ ಒತ್ತಡವನ್ನು ಹಿಡಿಯುವುದು ನನಗೆ ಮೊದಲೇ ಗೊತ್ತಿತ್ತು. ಉಪಕಾರದ ಒತ್ತಡ ಪ್ರೀತಿಯ ಮಾತನ್ನೇ ಆಡುತ್ತದೆ ಎಂಬುದನ್ನು ಕಲಿಸಿದ್ದು ಈ ಇಬ್ಬರು.